ಚಿಕ್ಕ ಕುರ್ಚಿಯಲ್ಲಿ ಕೂತವರು

ನಾನು ಆ ಶಾಲೆಗೆ ಗಣಿತದ ಮೇಡಂ ಆಗಿ ಸೇರಿದ್ದು ಗಣಿತ ಹೇಳಿಕೊಡುವುದಕ್ಕಲ್ಲ. ಬೇರೆ ಎರಡು ಶಾಲೆಗಳಿಂದಲೂ ಕರೆ ಬಂದಿತ್ತು. ಒಂದು ಮನೆಯ ಪಕ್ಕದ ರಸ್ತೆಯಲ್ಲೇ ಇತ್ತು, ಇನ್ನೊಂದರಲ್ಲಿ ಸಂಬಳ ಜಾಸ್ತಿ. ಎರಡನ್ನೂ ಬಿಟ್ಟು, ಬಸ್ಸು ಬದಲಿಸಿಕೊಂಡು ಊರಿನ ಆ ತುದಿಗೆ ಹೋಗಿ ಸೇರಿದ್ದಕ್ಕೆ ಕಾರಣ ಒಂದೇ: ಅಲ್ಲಿ ಸಕ್ಕರೆ ಮೇಡಂ ಇನ್ನೂ ಕೆಲಸದಲ್ಲಿದ್ದರು. ನನ್ನ ಅಕ್ಕನಿಗೆ ಅವರು ಮಾಡಿದ್ದನ್ನು ಎಲ್ಲರ ಎದುರು ಬಯಲಿಗೆಳೆಯಬೇಕು, ಆಮೇಲೆ ಅವರನ್ನು ಆ ಶಾಲೆಯ ಗೇಟಿನಿಂದ ಆಚೆ ಕಳಿಸಬೇಕು. ಕೆಲವರಿಗೆ ಸ್ವಂತ ಮನೆ ಕಟ್ಟಿಸುವ ಆಸೆ ಇರುತ್ತದೆ. ನನಗೆ ಇದ್ದದ್ದು ಇದು.

ಸಕ್ಕರೆ ಮೇಡಂ ಎಂದು ಹೆಸರಿಟ್ಟವರು ಅಕ್ಕನ ಕಾಲದ ಮಕ್ಕಳು. ದನಿ ಅಷ್ಟು ಸಿಹಿ. ಬೈಯುವುದಿದ್ದರೂ "ಬಂಗಾರ" ಎಂದೇ ಶುರು. ಆ ದನಿಯನ್ನು ನಂಬಿಯೇ ನನ್ನ ಅಕ್ಕ ಕೆಟ್ಟಳು.

ಅಮ್ಮ ತೀರಿಕೊಂಡಾಗ ನನಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಮನೆಯಲ್ಲಿ ಉಳಿದದ್ದು ಅಪ್ಪ, ಅಕ್ಕ, ನಾನು. ಅಪ್ಪನಿಗೆ ಆ ಶಾಲೆಯ ಎದುರಿನ ಬೀದಿಯಲ್ಲೇ ಔಷಧಿ ಅಂಗಡಿ. ಹೊರಗಿನವರಿಗೆ ದೇವರಂಥ ಮನುಷ್ಯ. ಕೆಮ್ಮುತ್ತಾ ಬಂದ ಮುದುಕರಿಗೆ ಬೆಂಚು ಹಾಕಿ ಕೂರಿಸುತ್ತಿದ್ದ, ಮೇಷ್ಟರುಗಳಿಗೆ ಮಾತ್ರೆ ಪೊಟ್ಟಣ ಕಟ್ಟುವಾಗ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಮನೆಯೊಳಗೆ ಬಂದ ಮೇಲೆ ಬೆಲ್ಟು ಬಿಚ್ಚುತ್ತಿದ್ದ. ನನಗೆ ಬೀಳಬೇಕಾದ ಏಟನ್ನೂ ಅಕ್ಕನೇ ಅಡ್ಡ ನಿಂತು ತಿನ್ನುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವಳು ಧೈರ್ಯ ಮಾಡಿ ಸಕ್ಕರೆ ಮೇಡಂ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ಮೇಡಂ ಅವಳ ತಲೆ ಸವರಿದರು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ಅಕ್ಕ ತರಗತಿಗೆ ವಾಪಸು ಹೋದ ಮೇಲೆ ಅಂಗಡಿಗೆ ಫೋನು ಮಾಡಿ, ಹೊಡೆಯುತ್ತಿದ್ದ ಅಪ್ಪನಿಗೇ ಅದನ್ನೆಲ್ಲ ಹೇಳಿದರು. ಅವತ್ತಿನಿಂದ ಅಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಶಾಲೆಯ ಮೆಟ್ಟಿಲನ್ನೂ ಅವಳು ಮತ್ತೆ ಹತ್ತಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ಸತ್ತ. ಅವನ ಮೇಲಿನ ಸಿಟ್ಟಿಗೆ ಈಗ ವಿಳಾಸವೇ ಇಲ್ಲ. ಸತ್ತವನ ಮೇಲೆ ಹಲ್ಲು ಮಸೆದು ಏನು ಬಂತು? ಸಕ್ಕರೆ ಮೇಡಂ ಬದುಕಿದ್ದರು, ಗಟ್ಟಿಮುಟ್ಟಾಗಿದ್ದರು, ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಪ್ರತಿ ವರ್ಷ ಅವರ ನಗುಮುಖದ ಫೋಟೋ ಬರುತ್ತಿತ್ತು.

ಕೆಲಸ ಸಿಕ್ಕ ದಿನ ಅಕ್ಕನಿಗೆ ಶಾಲೆಯ ಹೆಸರು ಹೇಳಿದೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಾಳೆ. ಅದೇ ದುಡಿಮೆಯಲ್ಲಿ ನನ್ನನ್ನು ಓದಿಸಿದಳು. ಆಗಲೂ ಮನೆಗೆ ತಂದ ಒಂದು ಮುರುಕು ಫ್ರೇಮಿನ ತಿರುಪು ಬಿಗಿಯುತ್ತಿದ್ದಳು. "ಆ ಶಾಲೇನಾ?" ಎಂದಳು. "ಹೂಂ" ಎಂದೆ. ಅವಳು ತಲೆ ಎತ್ತಲಿಲ್ಲ. ತಿರುಪು ಬಿಗಿದು, ಕಡ್ಡಿಯನ್ನು ಎರಡು ಸಲ ಮಡಚಿ ಬಿಡಿಸಿ ನೋಡಿ, "ಬಸ್ ಬದಲಿಸ್ಬೇಕಲ್ಲ, ಬೆಳಿಗ್ಗೆ ಬೇಗ ಎದ್ದೇಳು" ಎಂದಳು. ಅವಳಿಗೆ ಮರೆತೇ ಹೋಗಿದೆ ಎಂದುಕೊಂಡೆ. ನನಗೆ ಅಷ್ಟೇ ಬುದ್ಧಿ.

ತರಗತಿಗಳು ಶುರುವಾಗುವ ಮೊದಲು ಹೊಸ ಮೇಷ್ಟರುಗಳಿಗೆಲ್ಲ ಮೂರು ದಿನದ ತರಬೇತಿ ಇತ್ತು: ಮಕ್ಕಳ ಸುರಕ್ಷತೆ ಮತ್ತು ಕಾಳಜಿ. ಮನೆಯಲ್ಲೋ ಬೀದಿಯಲ್ಲೋ ಶಾಲೆಯಲ್ಲೋ ಹಿಂಸೆ ಅನುಭವಿಸುವ ಮಗು ಬಂದು ಬಾಯಿ ಬಿಟ್ಟರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕಲಿಸುವ ತರಬೇತಿ. ಗ್ರಂಥಾಲಯದ ಮೇಜುಗಳನ್ನು ಗೋಡೆಗೆ ಒತ್ತಿ, ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ ಸಾಲು ಸಾಲಾಗಿ ಹಾಕಿದ್ದರು. ಹಿಂದಿನ ಮೇಜಿನ ಮೇಲೆ ಟೀ ಫ್ಲಾಸ್ಕು, ಕಾಗದದ ಲೋಟಗಳು. ಬಾಗಿಲು ತೆರೆದು ಒಳಗೆ ಬಂದು, "ಎಲ್ಲರಿಗೂ ಸ್ವಾಗತ ಬಂಗಾರಗಳಾ, ಈ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ನಂದೇ" ಎಂದವರು ಸಕ್ಕರೆ ಮೇಡಂ.

ನನ್ನ ಮೈ ಉರಿದುಹೋಯಿತು. ಕುರಿ ಕಾಯಲು ತೋಳ ಬಂದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಅಕ್ಕ ಆ ಶಾಲೆಯಲ್ಲಿದ್ದಾಗ ನಾನು ಬೇರೆ ಕಡೆ ಸಣ್ಣ ಕ್ಲಾಸಿನಲ್ಲಿದ್ದೆ. ನನ್ನ ಕೈಗೂ ಒಂದು ಪೆನ್ನು ಕೊಟ್ಟು, ಕೆನ್ನೆ ತಟ್ಟಿ, "ಗಣಿತನಾ? ಮಕ್ಕಳು ಹೆದರ್ಕೊಳ್ತಾರೆ, ಸ್ವಲ್ಪ ನಗ್ತಾ ಇರು" ಎಂದರು. ನಾನು ನಕ್ಕೆ. ಹಲ್ಲು ಕಚ್ಚಿಕೊಂಡರೂ ಹೊರಗೆ ನಗುವಿನ ಥರವೇ ಕಾಣುತ್ತದೆ.

ಪಾಠ ಚೆನ್ನಾಗಿಯೇ ಮಾಡಿದರು, ಅದೇ ನನಗೆ ತಡೆಯಲಾಗದ್ದು. ಮಗು ಹೇಳುವುದನ್ನು ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕಬೇಡಿ ಎಂದರು. ಉತ್ತರವನ್ನು ನೀವೇ ಅದರ ಬಾಯಿಗೆ ತುರುಕಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಯಾವತ್ತೂ ಮಾತು ಕೊಡಬೇಡಿ, ಯಾಕೆಂದರೆ ಹೊಣೆ ಹೊತ್ತವರಿಗೆ ಹೇಳಲೇಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ನೀವಾಗಿ ಮನೆಗೆ ಫೋನು ಮಾಡಬೇಡಿ. ಫೋನು ಎತ್ತುವ ಕೈ ಯಾವುದು ಅಂತ ನಿಮಗೆ ಗೊತ್ತಿರುವುದಿಲ್ಲ. ಇಷ್ಟನ್ನೂ ಅವರೇ, ಅದೇ ಸಿಹಿ ದನಿಯಲ್ಲಿ, ಒಂದೂ ತಪ್ಪದೆ ಹೇಳಿದರು. ಇಷ್ಟೆಲ್ಲ ಗೊತ್ತಿದ್ದವರ ಕೈಯಿಂದ ನನ್ನ ಅಕ್ಕನಿಗೆ ಅದೆಲ್ಲ ಹೇಗೆ ಆಯಿತು ಎಂದು ನಾನು ಪೆನ್ನಿನಿಂದ ಕಾಗದ ಹರಿಯುವಷ್ಟು ಒತ್ತಿ ಬರೆಯುತ್ತಾ ಕೂತಿದ್ದೆ.

ಟೀ ಮುಗಿದ ಮೇಲೆ ಉತ್ತರ ಸಿಕ್ಕಿತು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. "ರೂಲ್ಸ್ ಎಲ್ಲ ಸರಿ. ಆದ್ರೆ ಅನುಭವ ಅಂತ ಒಂದಿರುತ್ತೆ" ಎಂದರು. "ಎಷ್ಟೋ ವರ್ಷದ ಹಿಂದೆ ನನ್ನ ಹತ್ರ ಒಬ್ಳು ಹುಡುಗಿ ಬಂದ್ಲು. ಹೆಸರು ಹೇಳಲ್ಲ, ಹೇಳ್ಬಾರದು. ತಾಯಿ ಇಲ್ಲ. ತಂದೆ ಹೊಡೀತಾರೆ ಅಂತ ಅತ್ಲು. ಆ ತಂದೇನ ನಾನು ಬಲ್ಲೆ, ಪಾಪ, ಹೆಂಡ್ತಿ ಕಳ್ಕೊಂಡು ಎರಡು ಹೆಣ್ಣುಮಕ್ಕಳನ್ನ ಸಾಕ್ತಿದ್ದ ಮನುಷ್ಯ. ಒಂದು ಫೋನ್ ಮಾಡ್ದೆ. ನಿಧಾನವಾಗಿ ಮಾತಾಡ್ದೆ. ಆಮೇಲೆ ಅವರೇ ಬಂದು ನನ್ನ ಕೈ ಹಿಡ್ಕೊಂಡು ಕಣ್ಣೀರು ಹಾಕಿದ್ರು. ಮಗಳನ್ನ ನನ್ನ ತಂಗಿ ಮನೆಗೆ ಕಳಿಸಿದ್ದೀನಿ, ಅಲ್ಲೇ ಓದ್ತಿದ್ದಾಳೆ, ಖುಷಿಯಾಗಿದ್ದಾಳೆ ಅಂದ್ರು. ನೋಡಿ, ಒಂದು ಫೋನಿಂದ ಒಂದು ಸಂಸಾರ ಉಳೀತು. ಪ್ರತಿ ವರ್ಷ ಹೊಸಬರಿಗೆ ನಾನು ಇದನ್ನ ಹೇಳ್ತೀನಿ."

ಅಪ್ಪನಿಗೆ ತಂಗಿಯೇ ಇರಲಿಲ್ಲ. ಮೇಡಂ ಹೇಳುತ್ತಿದ್ದ ಆ ದಿನಗಳಲ್ಲಿ ಅಕ್ಕ ನಮ್ಮ ಮನೆಯ ಒಳಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆ ಕಡೆ ತಿರುಗಿ ಮಲಗಿದ್ದಳು.

ನನ್ನ ಪಕ್ಕದಲ್ಲಿ ಹೊಸದಾಗಿ ಸೇರಿದ ವಿಜ್ಞಾನದ ಮೇಷ್ಟರು ಕೂತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಅವರಿಗೆ ಮೊದಲ ದಿನವೇ ಏಣಿ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಅವರು ಕೈ ಎತ್ತಿ, "ಮನೆಗೆ ಫೋನ್ ಮಾಡ್ಬಾರದು ಅಂತ ಈಗ ತಾನೇ ಹೇಳಿದ್ರಲ್ಲ ಮೇಡಂ?" ಎಂದು ಕೇಳಿದರು.

"ಅದು ಹೊಸಬರಿಗೆ ಬಂಗಾರ."

"ಆಮೇಲೆ ಆ ಹುಡುಗೀನ ನೀವು ನೋಡಿದ್ರಾ?"

"ಯಾಕೆ ನೋಡ್ಬೇಕು? ಚೆನ್ನಾಗಿರೋರು ನಮ್ಮನ್ನ ಹುಡುಕ್ಕೊಂಡು ಬರಲ್ಲ" ಎಂದು ಮೇಡಂ ನಕ್ಕರು. ಸುತ್ತ ಇದ್ದವರೂ ನಕ್ಕರು.

ಹೊರಡುವಾಗ ಅವರು ಮರುದಿನದ ಕಾರ್ಯಕ್ರಮ ಹೇಳಿದರು. ಸಣ್ಣ ಮಕ್ಕಳ ಕ್ಲಾಸಿನಿಂದ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ತರಿಸುತ್ತಾರೆ. ಒಬ್ಬರು ಅದರಲ್ಲಿ ಕೂತು ಮಗುವಾಗಬೇಕು, ಇನ್ನೊಬ್ಬರು ಎದುರು ಕೂತು ಮೇಷ್ಟರಾಗಬೇಕು. "ನನ್ನ ತರಬೇತೀಲಿ ಒಂದು ಪದ್ಧತಿ ಇದೆ" ಎಂದರು. "ಚಿಕ್ಕ ಕುರ್ಚೀಲಿ ಕೂತವರು ತಾವಾಗಿ ಏಳೋವರೆಗೂ ಯಾರೂ ಅವರನ್ನ ತಡೆಯೋ ಹಾಗಿಲ್ಲ. ನಾನೂ ತಡೆಯೋ ಹಾಗಿಲ್ಲ. ಮಗು ಮಾತು ಮುಗಿಸೋದು ಅದರ ಇಷ್ಟ." ಅದನ್ನು ಕೇಳಿದ ಮೇಲೆ ನಾನು ಏನನ್ನೂ ಹುಡುಕಬೇಕಾಗಿರಲಿಲ್ಲ. ನನಗೆ ಬೇಕಾದದ್ದನ್ನು ಅವರೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು.

ಸಾಯಂಕಾಲ ಅಕ್ಕ, "ಟ್ರೈನಿಂಗ್ ಹೆಂಗಿತ್ತೇ?" ಎಂದು ಕೇಳಿದಳು. "ಬೋರು" ಎಂದೆ. ಎಲ್ಲ ಮುಗಿಸಿಕೊಂಡು ಬಂದು ಹೇಳೋಣ, ಹಬ್ಬದೂಟ ಬಡಿಸಿದ ಹಾಗೆ ಅವಳ ಮುಂದೆ ಇಡೋಣ ಎಂದು ನನ್ನ ಲೆಕ್ಕ. ಅವಳು ನನ್ನ ಮುಖ ನೋಡಿ, ಊಟಕ್ಕೆ ಕರೆದಳು.

ಮರುದಿನ ಹೆಡ್‌ಮಾಸ್ಟರೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಅವರಿಗೆ ಕೈಯಲ್ಲಿರುವ ಬೀಗದ ಕೈ ಗೊಂಚಲನ್ನು ಸದಾ ಅಲ್ಲಾಡಿಸುವ ಅಭ್ಯಾಸ. ಮೊದಲು ಆಟದ ಮೇಷ್ಟರು ಚಿಕ್ಕ ಕುರ್ಚಿಯಲ್ಲಿ ಕೂತರು. ಮಾತು ಮುಗಿಸಿ ಎದ್ದಾಗ ಕುರ್ಚಿಯೂ ಅವರ ಜೊತೆಯೇ ಎದ್ದು ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮೇಡಂ ಕಣ್ಣೊರೆಸಿಕೊಂಡರು. ನಗು ನಿಲ್ಲುವ ಮೊದಲೇ ನಾನು ಎದ್ದು ನಿಂತೆ.

"ನಾನು ಕೂರ್ತೀನಿ. ಟೀಚರ್ ಪಾತ್ರ ನೀವೇ ಮಾಡಿ ಮೇಡಂ. ನಿಮ್ಮನ್ನ ನೋಡಿ ಕಲೀತೀವಿ."

ಅವರ ಮುಖ ಅರಳಿತು. ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ಆ ಚಿಕ್ಕ ಕುರ್ಚಿಯಲ್ಲಿ ಕೂತರೆ ಮಂಡಿ ಎದೆಗೆ ಬರುತ್ತಿತ್ತು, ಎದುರಿನವರ ಮುಖ ನೋಡಲು ಕತ್ತು ಎತ್ತಬೇಕಾಗಿತ್ತು. ಅಕ್ಕ ಅವತ್ತು ಹೇಳಿದ ಮಾತುಗಳು ನನಗೆ ಗೊತ್ತಿದ್ದವು. ಜ್ವರ ಬಂದು ಮಲಗಿದ್ದಾಗ ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದಳು. ನಾನು ಅವುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

"ಮೇಡಂ, ಒಂದು ವಿಷ್ಯ ಹೇಳ್ಬೇಕು. ಬೈಯಲ್ಲ ಅಲ್ವಾ?"

"ಯಾಕೆ ಬೈಲಿ? ಹೇಳು ಬಂಗಾರ."

"ಯಾರಿಗೂ ಹೇಳಲ್ಲ ತಾನೆ?"

"ಹಾಗಂತ ಮಾತು ಕೊಡೋಕಾಗಲ್ಲಮ್ಮ. ಆದ್ರೆ ನಾನು ನಿನ್ನ ಜೊತೆ ಇರ್ತೀನಿ" ಎಂದು ಹೇಳಿ, ಸಾಲಿನ ಕಡೆ ತಿರುಗಿ, "ನೋಡಿದ್ರಾ?" ಎಂದರು. ಎಲ್ಲರೂ ಬರೆದುಕೊಂಡರು.

"ನಮ್ಮಪ್ಪ ಹೊಡೀತಾರೆ ಮೇಡಂ. ಅಮ್ಮ ಇಲ್ಲ. ತಂಗೀಗೆ ಹೊಡಿಯೋಕೆ ಬಂದ್ರೆ ನಾನು ಅಡ್ಡ ನಿಲ್ತೀನಿ. ಎಲ್ರೂ ನಮ್ಮಪ್ಪನ್ನ ಒಳ್ಳೇವ್ರು ಅಂತಾರೆ. ನಾನು ಹೇಳಿದ್ರೆ ಯಾರೂ ನಂಬಲ್ಲ."

ನಿನ್ನೆ ಹೇಳಿದ ತಮ್ಮ ಕಥೆಯನ್ನೇ ನಾನು ಅಭಿನಯಿಸುತ್ತಿದ್ದೇನೆ, ಅದು ತಮಗೆ ಸಲ್ಲಿಸಿದ ಗೌರವ ಎಂದುಕೊಂಡರೇನೋ. ಅನುಭವದ ಗತ್ತು ಅವರ ಮುಖಕ್ಕೆ ಬಂದೇ ಬಿಟ್ಟಿತು. ನನ್ನ ತಲೆ ಸವರಿದರು. "ಹೆದರ್ಬೇಡ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ, ಎಲ್ಲ ಸರಿಹೋಗುತ್ತೆ" ಎಂದು ಹೇಳಿ, ಅಭಿನಯ ಪೂರ್ತಿಯಾಗಲಿ ಎಂದು ಹೆಬ್ಬೆರಳು ಕಿರುಬೆರಳು ಬಿಡಿಸಿ ಕಿವಿಗೆ ಹಿಡಿದುಕೊಂಡರು.

"ಫೋನ್ ಮಾಡಿ ಮೇಡಂ" ಎಂದೆ. "ಹಲೋ, ಶಾಲೆ ಎದುರಿನ ಔಷಧಿ ಅಂಗಡೀನಾ ಅಂತ ಕೇಳಿ."

ಅವರ ಕೈ ಕಿವಿಯ ಹತ್ತಿರವೇ ನಿಂತುಬಿಟ್ಟಿತು.

"ನೀವು ತಲೆನೋವಿನ ಮಾತ್ರೆ ತಗೋತೀರಲ್ಲ ಮೇಡಂ, ಅದೇ ಅಂಗಡಿ. ಅದೇ ಸಾರ್. ಅವರು ಎತ್ತಿದ್ರು. ನಾನು ಹೇಳಿದ್ದನ್ನೆಲ್ಲ ನೀವು ಅವರಿಗೆ ಹೇಳಿದ್ರಿ. ಈಗ ಸಾಯಂಕಾಲ ಆಯ್ತು."

"ಸಾಕಮ್ಮ, ಏಳು" ಎಂದರು. ದನಿಯಲ್ಲಿ ಸಕ್ಕರೆ ಇರಲಿಲ್ಲ.

"ನಾನಿನ್ನೂ ಎದ್ದಿಲ್ಲ ಮೇಡಂ. ನಾನು ಏಳೋವರೆಗೂ ತಡೆಯೋ ಹಾಗಿಲ್ಲ. ನಿಮ್ಮದೇ ಪದ್ಧತಿ."

ಹಿಂದಿನ ಸಾಲಿನಲ್ಲಿ ಬೀಗದ ಕೈಗಳ ಸದ್ದು ನಿಂತಿತು. ನಾನು ಮುಂದುವರಿಸಿದೆ. ಅವತ್ತು ಅಪ್ಪ ಅಂಗಡಿ ಬೇಗ ಮುಚ್ಚಿ ನಗುನಗುತ್ತಾ ಬಂದರು ಎಂದೆ. ಕೈಕಾಲು ತೊಳೆದರು, ರೇಡಿಯೋ ಜೋರು ಮಾಡಿದರು, ಕಿಟಕಿ ಮುಚ್ಚಿದರು. "ನಿಮ್ಮ ಮೇಡಂ ಫೋನ್ ಮಾಡಿದ್ರು ಅಂದ್ರು. ಬೆಲ್ಟ್ ತಗೊಳ್ಳಲಿಲ್ಲ. ಬೆಲ್ಟಾದ್ರೆ ಗುರುತು ಬೀಳುತ್ತೆ, ಮೇಡಂ ನೋಡ್ತಾರೆ ಅಂತ ಅವರಿಗೆ ಗೊತ್ತಿತ್ತಲ್ಲ. ಬರೀ ಕೈಯಲ್ಲೇ ಹೊಡೆದ್ರು. ಒಂದೇ ಕಡೆ, ಒಂದೇ ಕಿವಿ ಮೇಲೆ. ಒಂದೊಂದು ಏಟಿಗೂ ಮೇಡಂಗೆ ಹೇಳ್ತೀಯಾ, ಮೇಡಂಗೆ ಹೇಳ್ತೀಯಾ ಅಂತಿದ್ರು. ಆಮೇಲೆ ಅವರೇ ಕಿವಿಗೆ ಔಷಧಿ ಬಿಟ್ಟು ಹತ್ತಿ ಇಟ್ರು. ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿಲ್ಲ. ತಂಗಿ ಮಂಚದ ಕೆಳಗೆ ಇದ್ಲು, ಅವಳು ಎಲ್ಲ ನೋಡಿದ್ಲು."

ಮೇಡಂ ತುಟಿ ಅಲ್ಲಾಡುತ್ತಿತ್ತು. "ಅವರ ತಂಗಿ ಮನೆಗೆ..." ಎಂದರು.

ನಾನು ಆಗ ಎದ್ದೆ. "ಅಪ್ಪನಿಗೆ ತಂಗೀನೇ ಇರಲಿಲ್ಲ ಮೇಡಂ. ನೀವು ಒಂದು ಸಲ ಮನೆ ಬಾಗಿಲಿಗೆ ಬಂದಿದ್ರೆ ಗೊತ್ತಾಗ್ತಿತ್ತು. ಮಂಚದ ಕೆಳಗಿದ್ದವಳು ನಾನೇ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದನಿ ತೆಗೆದು ಅತ್ತರು. ಅದನ್ನು ನೋಡುತ್ತಾ ನಾನು ಅಲುಗಾಡದೆ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಏಣಿ ಮೇಷ್ಟ್ರು ನನಗೆ ನೀರು ತಂದುಕೊಟ್ಟರು. ಹೆಡ್‌ಮಾಸ್ಟರು ನನ್ನನ್ನು ಹೊರಗೆ ಕರೆದು, ಕಾರಿಡಾರಿನ ಆಚೆ ಈಚೆ ನೋಡಿ, "ಪೇಪರಿನವರಿಗೆ ಗೀಪರಿನವರಿಗೆ ಹೋಗ್ಬೇಡಿ. ಈ ಕೆಲಸದಿಂದ ಅವರನ್ನ ತೆಗೆದುಬಿಡ್ತೀನಿ. ನಾಳೆಯೇ" ಎಂದರು. ಬಸ್ಸಿನಲ್ಲಿ ನನಗೆ ಸೀಟು ಸಿಗಲಿಲ್ಲ. ನಿಂತೇ ಬಂದೆ, ಕಾಲು ನೆಲದ ಮೇಲಿರಲಿಲ್ಲ.

ಅಕ್ಕ ಅಡುಗೆಮನೆಯ ಮೇಜಿನಲ್ಲಿ ಯಾರದೋ ಮಗುವಿನ ಕನ್ನಡಕ ಸರಿಮಾಡುತ್ತಿದ್ದಳು. ನಾನು ಚಪ್ಪಲಿ ಕೂಡ ಬಿಡದೆ ಅವಳ ಬಲಗಡೆ ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಕನ್ನಡಕವನ್ನು ಬಟ್ಟೆಯ ಮೇಲೆ ಇಟ್ಟಳು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಅಲ್ಲಿ ಎಷ್ಟು ಜನ ಇದ್ರು?" ಎಂದಳು.

"ಹೊಸಬರೆಲ್ಲ. ಹೆಡ್‌ಮಾಸ್ಟರೂ ಇದ್ರು."

"ಅವರೆಲ್ಲರಿಗೂ ನನ್ನ ವಿಷ್ಯ ಹೇಳ್ದೆ."

"ನಿನ್ನ ಹೆಸರು ಹೇಳ್ಲಿಲ್ಲ ಅಕ್ಕ."

"ಅವಳೂ ಹೆಸರು ಹೇಳ್ತಿರಲಿಲ್ಲ ಅಂದ್ಯಲ್ಲ."

ಅಕ್ಕ ನನಗೆ ಬೈದದ್ದೇ ಇಲ್ಲ. ನನ್ನ ಪಾಲಿನ ಏಟನ್ನೆಲ್ಲ ತಾನೇ ತಿಂದವಳು ಬೈಯುವುದಾದರೂ ಎಲ್ಲಿಂದ? ಅವತ್ತು ಬೈದಳು.

"ನಾನು ಅವಳ ಹತ್ರ ಹೇಳ್ದಾಗ ಅದು ನನ್ನ ಮಾತಾಗಿತ್ತು. ಅವಳು ಎತ್ಕೊಂಡು ಹೋಗಿ ಅಪ್ಪನಿಗೆ ಕೊಟ್ಲು. ನಿನಗೆ ಹೇಳ್ದಾಗಲೂ ಅದು ನನ್ನ ಮಾತೇ. ನೀನು ಎತ್ಕೊಂಡು ಹೋಗಿ ಊರಿಗೆ ಕೊಟ್ಟೆ. ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ? ನನಗೆ ಎಡಗಿವಿ ಕೇಳಲ್ಲ ಅಷ್ಟೇ ಕಣೇ. ಬಲಗಿವಿ ಇದೆಯಲ್ಲ."

"ನಿನಗೋಸ್ಕರ ಅಲ್ವೇನೇ ಅಕ್ಕ..."

"ಅವಳು ಅತ್ಲಾ?"

"ಅತ್ಲು. ಜೋರಾಗಿ ಅತ್ಲು."

"ನಾನು ನೋಡ್ಬೇಕಾಗಿತ್ತು" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಕೆಂಡ ಇತ್ತು. "ಇಷ್ಟು ವರ್ಷ ಕಾದವಳು ನಾನು. ಆ ಬೀದೀಲಿ ಎಷ್ಟು ಸಲ ಹೋಗಿ ಗೇಟು ನೋಡ್ಕೊಂಡು ವಾಪಸು ಬಂದಿದ್ದೀನಿ, ನಿಂಗೆ ಗೊತ್ತಾ? ನೀನು ಅಲ್ಲಿ ಸೇರ್ತೀನಿ ಅಂದಾಗ ಒಂದಿನ ನನ್ನನ್ನ ಕರ್ಕೊಂಡು ಹೋಗ್ತೀಯ ಅಂದ್ಕೊಂಡೆ. ನನ್ನ ಪಾಲಿನದನ್ನ ನೀನೊಬ್ಳೇ ತಿಂದು ಬಾಯಿ ಒರೆಸ್ಕೊಂಡು ಬಂದ್ಯಲ್ಲೇ."

ಮರೆತಿದ್ದಾಳೆ ಎಂದುಕೊಂಡಿದ್ದೆನಲ್ಲ, ನನಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದಳು. ನಾನು ತಲೆ ತಗ್ಗಿಸಿ ಕೂತೆ. ನನಗೆ ನಾಚಿಕೆಯಾಯಿತು. ಅವಳು ಮತ್ತೆ ಕನ್ನಡಕ ಕೈಗೆ ತೆಗೆದುಕೊಂಡು ಅದರ ಮೂಗಿನ ಮೇಲಿನ ಮೆತ್ತೆ ಕೂರಿಸಿದಳು.

"ನಾಳೆ ಎಷ್ಟೊತ್ತಿಗೆ ಶುರು?" ಎಂದು ಕೇಳಿದಳು.

ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ ನನ್ನ ಜೊತೆ ಬಂದಳು. ಗೇಟಿನಲ್ಲಿ ಒಂದು ಕ್ಷಣ ನಿಂತು, ಎದುರಿನ ಬೀದಿ ನೋಡಿದಳು. ಔಷಧಿ ಅಂಗಡಿ ಇದ್ದಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಇಟ್ಟಿದ್ದಾರೆ. ಆಮೇಲೆ ನನ್ನನ್ನು ಕಾಯದೆ ಮೆಟ್ಟಿಲು ಹತ್ತಿದಳು. ಗ್ರಂಥಾಲಯ ಯಾವ ಕಡೆ ಎಂದು ಅವಳು ನನ್ನನ್ನು ಕೇಳಲಿಲ್ಲ.

ಒಳಗೆ ಎಲ್ಲರೂ ಆಗಲೇ ಕೂತಿದ್ದರು. ಮೇಡಂ ಮೂಲೆಯಲ್ಲಿದ್ದರು, ರಾತ್ರಿಯಿಡೀ ನಿದ್ದೆ ಮಾಡದವರ ಹಾಗೆ ಕಣ್ಣು ಊದಿತ್ತು. ಅಕ್ಕನನ್ನು ನೋಡಿದ್ದೇ ತಡ, ಗುರುತು ಹಿಡಿದರು. ಎದ್ದು ಬಂದು ಕೈ ಹಿಡಿಯಲು ನೋಡಿದರು. ಅಕ್ಕ ಕೈ ಹಿಂದೆ ತೆಗೆದುಕೊಂಡು, ಸಾಲಿನಿಂದ ಒಂದು ದೊಡ್ಡ ಕುರ್ಚಿ ಎಳೆದು, ಅವರ ಎದುರೇ ಹಾಕಿಕೊಂಡು ಕೂತಳು. ಮೇಡಂ ಬಿಕ್ಕುತ್ತಾ ಏನೇನೋ ಹೇಳತೊಡಗಿದರು. ತಪ್ಪಾಯಿತು, ಕ್ಷಮಿಸು, ಆಗ ನನಗೆ ತಿಳಿಯಲಿಲ್ಲ, ಅವರು ಅಷ್ಟು ಒಳ್ಳೆಯವರ ಹಾಗೆ ಇದ್ದರು.

"ಅಳಬೇಡಿ" ಎಂದಳು ಅಕ್ಕ. "ನನಗೆ ಕೇಳೋದು ಒಂದೇ ಕಿವಿ. ಅಳ್ತಾ ಮಾತಾಡಿದ್ರೆ ಅರ್ಥ ಆಗಲ್ಲ. ಕಣ್ಣೊರೆಸ್ಕೊಳ್ಳಿ. ನಿಧಾನಕ್ಕೆ, ಗಟ್ಟಿಯಾಗಿ ಹೇಳಿ. ಅವತ್ತು ನಾನು ನಿಮಗೆ ಏನು ಹೇಳ್ದೆ, ನೀವು ಏನು ಮಾಡಿದ್ರಿ. ಇವರಿಗೆಲ್ಲ ಕೇಳೋ ಹಾಗೆ."

ಮೇಡಂ ಹೇಳಿದರು. ಹೇಳುವಷ್ಟೂ ಹೊತ್ತು ಅಕ್ಕ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವರು ಎಲ್ಲಿಯಾದರೂ ಸಿಹಿ ಮಾಡಿ ಜಾರಿಕೊಳ್ಳಲು ನೋಡಿದರೆ, "ಅಲ್ಲ, ಮಾತು ಕೊಟ್ಟಿದ್ರಿ" ಎಂದೋ "ತಲೆ ಸವರಿದ್ರಿ, ಅದನ್ನೂ ಹೇಳಿ" ಎಂದೋ ತಡೆದಳು. ಕಡೆಗೆ ಮೇಡಂ, "ಆಮೇಲೆ ನಾನು ಅವಳನ್ನ ನೋಡೋಕೆ ಹೋಗ್ಲಿಲ್ಲ. ಅವಳ ಅಪ್ಪ ಹೇಳಿದ್ದು ನಂಬೋದು ನನಗೆ ಸುಲಭ ಆಗಿತ್ತು" ಎಂದರು. ಆ ಮಾತು ಅವರ ಬಾಯಿಂದ ಬರುವಾಗ ಅವರು ಇದ್ದಕ್ಕಿದ್ದಂತೆ ಮುದುಕಿಯಾದಂತೆ ಕಂಡರು. ನನಗೆ ಕನಿಕರವೇನೂ ಹುಟ್ಟಲಿಲ್ಲ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ಎದ್ದರು. "ನೋಡಿಮ್ಮಾ, ಇವರನ್ನ ಇವತ್ತಿಂದಲೇ ಈ ಕೆಲಸದಿಂದ ತೆಗೀತಾ ಇದ್ದೀನಿ. ನಿವೃತ್ತಿಗೂ ಬರ್ಕೊಡಿ ಅಂದಿದ್ದೀನಿ. ಆಯ್ತಲ್ಲ?"

ನನ್ನ ಎದೆ ಕುಣಿಯಿತು. ನಾನು ಬಯಸಿದ್ದು ಇದನ್ನೇ.

"ಬೇಡ" ಎಂದಳು ಅಕ್ಕ.

ನಾನು, "ಅಕ್ಕ!" ಎಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಮನೆಗೆ ಕಳಿಸಿದ್ರೆ ಸ್ವಲ್ಪ ದಿನ ಅಳ್ತಾರೆ, ಆಮೇಲೆ ಮರೀತಾರೆ. ಅಷ್ಟು ಸುಲಭಕ್ಕೆ ಬಿಡೋಕಾಗಲ್ಲ. ಮಕ್ಕಳ ಹೊಣೆ ಇವತ್ತೇ ಬೇರೆಯವರಿಗೆ ಕೊಡಿ. ಅಳೋ ಮಗು ಇವರ ಹತ್ರ ಹೋಗ್ಬಾರದು, ಫೋನು ಇವರ ಕೈಗೆ ಸಿಗಬಾರದು." ಆಮೇಲೆ, ಎತ್ತರದಿಂದಲೇ ಗುರುತು ಹಿಡಿದು, ಏಣಿ ಮೇಷ್ಟ್ರ ಕಡೆ ಕೈ ತೋರಿಸಿದಳು. "ಇವರು ಕೇಳಿದ್ರಂತಲ್ಲ, ಆಮೇಲೆ ಹುಡುಗೀನ ನೋಡಿದ್ರಾ ಅಂತ. ಇವರಿಗೆ ಕೊಡಿ. ಆದ್ರೆ ಈ ಪಾಠ ಮೇಡಮ್ಮೇ ಮಾಡ್ಲಿ. ಪ್ರತಿ ವರ್ಷ, ಹೊಸಬರು ಬಂದಾಗ, ಈಗ ಹೇಳಿದ್ರಲ್ಲ, ಅದನ್ನೇ ಹೇಳ್ಲಿ. ನಾನು ಅಂತ ಶುರುಮಾಡಿ ಹೇಳ್ಲಿ. ಒಂದಕ್ಷರ ಕಮ್ಮಿ ಮಾಡ್ಬಾರದು. ಇವರಿಗೆ ವಯಸ್ಸಾಗಿ ಮಾತು ನಿಲ್ಲೋವರೆಗೂ."

ಮೇಡಂ ತಲೆಯೆತ್ತಿ, "ಪ್ರತಿ ವರ್ಷನಾ?" ಎಂದರು. ಯಾರಾದರೂ ಬಿಡಿಸುತ್ತಾರೇನೋ ಎಂದು ಎಲ್ಲರ ಮುಖ ನೋಡಿದರು. ಯಾರೂ ಬಿಡಿಸಲಿಲ್ಲ. ಹೆಡ್‌ಮಾಸ್ಟರು, "ಸರಿ, ಹಾಗೇ ಆಗ್ಲಿ" ಎಂದರು. ಮೇಡಂ ಸೋತವರ ಹಾಗೆ ತಲೆಯಾಡಿಸಿದರು. ಅವರಿಗೆ ಇದಕ್ಕಿಂತ ಕೆಲಸ ಹೋಗಿದ್ದರೇ ಚೆನ್ನಾಗಿತ್ತು ಎಂದು ಮುಖದಲ್ಲೇ ಕಾಣುತ್ತಿತ್ತು. ನನಗೆ ಆಗ ಅಕ್ಕನ ಬುದ್ಧಿಗೆ ಕೈಮುಗಿಯಬೇಕು ಎನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಇವಳೂ ಪ್ರತಿ ಸಲ ಮುಂದಿನ ಸಾಲಲ್ಲಿ ಕೂತು ಕೇಳ್ಬೇಕು. ಈ ಶಾಲೆ ಬಿಟ್ಟು ಹೋಗೋ ಹಾಗಿಲ್ಲ. ನನ್ನ ಕೇಳದೆ ಹೇಳಿದ್ದಕ್ಕೆ."

ಎಲ್ಲರೂ ನನ್ನನ್ನು ನೋಡಿದರು, ಸಕ್ಕರೆ ಮೇಡಮ್ಮೂ ನೋಡಿದರು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ನಿಲ್ಲಿಸಲ್ಪಟ್ಟ ಮಕ್ಕಳಂತಾಗಿದ್ದೆವು. ಪ್ರತಿ ವರ್ಷ ಆ ರೇಡಿಯೋ, ಆ ಮುಚ್ಚಿದ ಕಿಟಕಿ, ಆ ಮಂಚದ ಕೆಳಗಿನ ಕತ್ತಲೆ ಮತ್ತೆ ನನ್ನ ಕಣ್ಣೆದುರು ಬರುತ್ತವೆ. "ಆಗ್ಲಿ ಅಕ್ಕ" ಎಂದೆ.

ಅವಳು ಎದ್ದು, ಕುರ್ಚಿಯನ್ನು ಇದ್ದ ಸಾಲಿಗೇ ತಳ್ಳಿ ಹೊರಟಳು. ನಾನು ಗೇಟಿನವರೆಗೂ ಅವಳ ಬಲಗಡೆ ನಡೆದೆ. ಬೀದಿಯಲ್ಲಿ ಬಿಸಿಲು ಏರಿತ್ತು, ಮೊಬೈಲ್ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ. ಬಸ್ಸು ಬರುವುದು ದೂರದಲ್ಲಿ ಕಂಡಿತು. ನನಗೆ ಕೇಳದೆ ಇರಲಾಗಲಿಲ್ಲ.

"ಅಕ್ಕ, ಈಗಲಾದ್ರೂ ಸಿಟ್ಟು ಹೋಯ್ತಾ?"

"ಹೋಗೋದು ಯಾಕೆ?" ಎಂದಳು ಅಕ್ಕ, ಬಸ್ಸಿಗೆ ಕೈ ತೋರಿಸುತ್ತಾ. "ಅದು ಈಗ ತಾನೇ ಒಂದು ಕೆಲಸಕ್ಕೆ ಬಂದಿದೆ."